ಪರದೇಶವಾಸಿ ಅಮೆರಿಕನ್ ಪ್ರಜೆಯ ಆನ್‌ಲೈನ್ ವ್ಯಾಪಾರ ಮತ್ತು ಅದರ ತೆರಿಗೆಯ ಹೊಣೆ

ಒಂದು ರಾಷ್ಟ್ರವು ಒಬ್ಬ ವ್ಯಕ್ತಿಯ ವರಮಾನದ ಮೇಲೆ ತೆರಿಗೆ ವಿಧಿಸುವ ಅಧಿಕಾರವನ್ನು ಯಾವ ಆಧಾರದಿಂದ ಪಡೆಯುತ್ತದೆ ಎಂಬ ಪ್ರಶ್ನೆಗೆ ರಾಜಸ್ವಶಾಸ್ತ್ರದ ಗ್ರಂಥಗಳಲ್ಲಿ ಸಾಮಾನ್ಯವಾಗಿ ಎರಡು ಉತ್ತರಗಳು ದೊರೆಯುತ್ತವೆ. ಆ ವ್ಯಕ್ತಿ ಅಲ್ಲಿ ವಾಸವಾಗಿದ್ದಾನೆ ಎಂಬುದು ಒಂದು. ಆ ವರಮಾನ ಅಲ್ಲಿ ಹುಟ್ಟಿದೆ ಎಂಬುದು ಮತ್ತೊಂದು. ಮೊದಲನೆಯದನ್ನು ನಿವಾಸತತ್ತ್ವವೆಂದೂ ಎರಡನೆಯದನ್ನು ಮೂಲತತ್ತ್ವವೆಂದೂ ಕರೆಯಬಹುದು. ಭಾರತವನ್ನೂ ಒಳಗೊಂಡು ಪ್ರಪಂಚದ ಬಹುತೇಕ ರಾಷ್ಟ್ರಗಳು ಈ ಎರಡರ ಒಂದಲ್ಲ ಒಂದು ಮಿಶ್ರಣದಿಂದ ತಮ್ಮ ಶಾಸನಗಳನ್ನು ರೂಪಿಸಿಕೊಂಡಿವೆ. ಮೂರನೆಯ ತತ್ತ್ವವೊಂದುಂಟು: ವ್ಯಕ್ತಿ ಎಲ್ಲಿಯೇ ಇರಲಿ, ವರಮಾನ ಎಲ್ಲಿಯೇ ಹುಟ್ಟಲಿ, ಆತ ನಮ್ಮ ಪ್ರಜೆಯಾಗಿರುವ ತನಕ ನಮಗೆ ತೆರಿಗೆ ಸಲ್ಲಿಸತಕ್ಕವನು ಎಂಬುದು. ಇದನ್ನು ಪೂರ್ಣವಾಗಿ ಅನುಸರಿಸುವ ದೊಡ್ಡ ರಾಷ್ಟ್ರ ಅಮೆರಿಕ ಸಂಯುಕ್ತ ಸಂಸ್ಥಾನ ಒಂದೇ. ಆಫ್ರಿಕದ ಎರಿಟ್ರಿಯಾ ಹೊರದೇಶಗಳಲ್ಲಿರುವ ತನ್ನ ಪ್ರಜೆಗಳಿಂದ ಶೇಕಡಾ 2ರ ಕರವನ್ನು ಕೇಳುತ್ತದೆ. ಅದನ್ನು ವಸೂಲು ಮಾಡುವ ಮತ್ತು ಬಳಸುವ ರೀತಿಯನ್ನು 2011ರಲ್ಲಿ ವಿಶ್ವಸಂಸ್ಥೆಯ ಭದ್ರತಾ ಮಂಡಲಿಯೇ ಖಂಡಿಸಿತು. ಫಿಲಿಪ್ಪೀನ್ಸ್ ದೇಶವು 1997ರ ಸುಧಾರಣಾ ಶಾಸನದಿಂದ ಈ ಪದ್ಧತಿಯನ್ನು ಕೈಬಿಟ್ಟಿತು.

ಈ ಮೂರನೆಯ ತತ್ತ್ವ ಪಾಠಪುಸ್ತಕದ ಕುತೂಹಲವಾಗಿಯೇ ಉಳಿದಿದ್ದರೆ ಅದರ ವಿಚಾರಕ್ಕೆ ಇಲ್ಲಿ ಇಷ್ಟು ಸ್ಥಳ ಬೇಕಾಗುತ್ತಿರಲಿಲ್ಲ. ಹಿಂದೆ ಸ್ವದೇಶವನ್ನು ಬಿಟ್ಟು ಹೊರಗೆ ಹೋಗಿ ಸ್ವಂತವಾಗಿ ವ್ಯಾಪಾರ ನಡೆಸುವವರ ಸಂಖ್ಯೆ ಚಿಕ್ಕದು. ಹೋದವರಲ್ಲಿ ಅನೇಕರು ದೊಡ್ಡ ಕಂಪೆನಿಗಳ ನೌಕರರು, ಅವರ ತೆರಿಗೆಯ ಲೆಕ್ಕವನ್ನು ಕಂಪೆನಿಯೇ ನೋಡಿಕೊಳ್ಳುತ್ತಿತ್ತು. ಈಗ ಒಂದು ಲ್ಯಾಪ್‌ಟಾಪನ್ನೂ ಇಂಟರ್‌ನೆಟ್ ಸಂಪರ್ಕವನ್ನೂ ಹೊಂದಿದವನು ಲಿಸ್ಬನ್ ನಗರದಲ್ಲಿಯೋ ಥೈಲೆಂಡಿನ ಚಿಯಾಂಗ್ ಮಾಯ್‌ನಲ್ಲಿಯೋ ಕುಳಿತು ನ್ಯೂಯಾರ್ಕಿನ ಗಿರಾಕಿಗೆ ಕೆಲಸ ಮಾಡಿಕೊಡಬಲ್ಲನು. ಕರ್ನಾಟಕದ ವಾಚಕರಿಗೆ ಇನ್ನೂ ಸಮೀಪದ ಒಂದು ವರ್ಗವಿದೆ. 1990ರ ದಶಕದಿಂದ ಈಚೆಗೆ ನಮ್ಮ ನಾಡಿನ ಅನೇಕ ಇಂಜಿನಿಯರುಗಳು ಅಮೆರಿಕಕ್ಕೆ ಹೋದರು. ಅಲ್ಲಿ ಅವರಿಗೆ ಮಕ್ಕಳಾದವು. ಕೆಲವು ಕುಟುಂಬಗಳು ಹಿಂದಿರುಗಿದವು. ಅಲ್ಲಿ ಹುಟ್ಟಿದ ಮಗು, 1868ರಲ್ಲಿ ಜಾರಿಗೆ ಬಂದ ಅಮೆರಿಕ ಸಂವಿಧಾನದ 14ನೆಯ ತಿದ್ದುಪಡಿಯ ಬಲದಿಂದ, ಹುಟ್ಟಿನಿಂದಲೇ ಆ ದೇಶದ ಪ್ರಜೆ. ಆ ಮಕ್ಕಳು ಇಂದು ಬೆಂಗಳೂರು ಮೈಸೂರುಗಳಲ್ಲಿ ಬೆಳೆದು ದೊಡ್ಡವರಾಗಿ, ತಂತ್ರಾಂಶ ಬರೆಯುವುದು, ಚಿತ್ರವಿನ್ಯಾಸ, ಪಾಠ ಹೇಳುವುದು ಮುಂತಾದ ಕೆಲಸಗಳನ್ನು ಆನ್‌ಲೈನಿನಲ್ಲಿ ಮಾಡಿ ಸಂಪಾದಿಸುತ್ತಿದ್ದಾರೆ. ಭಾರತದಲ್ಲಿ ತೆರಿಗೆ ಕಟ್ಟಿದ ಮೇಲೆ ತಮ್ಮ ಹೊಣೆ ತೀರಿತೆಂದು ಇವರಲ್ಲಿ ಹಲವರು ಭಾವಿಸುವುದು ಸಹಜ. ಶಾಸನ ಹಾಗೆ ಹೇಳುವುದಿಲ್ಲ. ಅದು ಏನು ಹೇಳುತ್ತದೆ, ಏಕೆ ಹೇಳುತ್ತದೆ ಎಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಪೌರತ್ವವನ್ನು ಆಧರಿಸಿದ ಈ ತೆರಿಗೆಯ ಮೂಲ ಅಮೆರಿಕದ ಅಂತರ್ಯುದ್ಧದಲ್ಲಿದೆ. 1861ರಲ್ಲಿ ಯುದ್ಧವೆಚ್ಚಕ್ಕಾಗಿ ಆ ದೇಶದ ಮೊದಲ ವರಮಾನ ತೆರಿಗೆ ಶಾಸನವಾಯಿತು. 800 ಡಾಲರುಗಳನ್ನು ಮೀರಿದ ವರಮಾನಕ್ಕೆ ಸಾಮಾನ್ಯ ದರ ಶೇಕಡಾ 3 ಆಗಿದ್ದರೆ, ಹೊರದೇಶದಲ್ಲಿ ವಾಸಿಸುವ ಪ್ರಜೆಗೆ ಸ್ವದೇಶದ ಆಸ್ತಿಯಿಂದ ಬರುವ ಹುಟ್ಟುವಳಿಯ ಮೇಲೆ ಶೇಕಡಾ 5 ಎಂದು ಗೊತ್ತುಮಾಡಲಾಯಿತು. ದೇಶ ಹೋರಾಡುತ್ತಿರುವಾಗ ಯೂರೋಪಿನಲ್ಲಿ ಸುಖವಾಗಿ ಕುಳಿತ ಸಿರಿವಂತರ ಮೇಲಿನ ಅಸಮಾಧಾನ ಈ ವ್ಯತ್ಯಾಸದಲ್ಲಿ ಸ್ಪಷ್ಟವಾಗಿ ಕಾಣುತ್ತದೆ. 1864ರ ಶಾಸನವು ಹೊರಗಿದ್ದ ಪ್ರಜೆಯ ಎಲ್ಲ ವರಮಾನವನ್ನೂ, ಅದು ಎಲ್ಲಿ ಹುಟ್ಟಿದ್ದಾದರೂ, ತೆರಿಗೆಯ ವ್ಯಾಪ್ತಿಗೆ ತಂದಿತು. ಯುದ್ಧ ಮುಗಿದು 1872ರಲ್ಲಿ ಆ ತೆರಿಗೆ ನಿಂತುಹೋಯಿತು. 1894ರಲ್ಲಿ ಮತ್ತೆ ತಂದ ಶಾಸನವನ್ನು ಮರುವರ್ಷ ಸರ್ವೋಚ್ಚ ನ್ಯಾಯಾಲಯ ಅಸಿಂಧುಗೊಳಿಸಿತು. 1913ರಲ್ಲಿ 16ನೆಯ ತಿದ್ದುಪಡಿಯ ಬೆಂಬಲದಿಂದ ವರಮಾನ ತೆರಿಗೆ ಶಾಶ್ವತವಾಗಿ ನೆಲೆಗೊಂಡಾಗ, ಒಳಗಿರಲಿ ಹೊರಗಿರಲಿ ಪ್ರತಿಯೊಬ್ಬ ಪ್ರಜೆಯೂ ಕರದಾತನೆಂಬ ಹಳೆಯ ನಿಯಮವೂ ಅದರೊಡನೆ ಹಿಂದಿರುಗಿತು. ಯುದ್ಧದ ಕೋಪದಲ್ಲಿ ಹುಟ್ಟಿದ ನಿಯಮವೊಂದು ಶಾಂತಿಕಾಲದ ಶಾಸನದಲ್ಲಿ ಹೆಚ್ಚಿನ ಚರ್ಚೆಯಿಲ್ಲದೆ ಸೇರಿಕೊಂಡಿತೆಂದು ಹೇಳಿದರೆ ತಪ್ಪಾಗಲಾರದು.

ಇದರ ಸಿಂಧುತ್ವವನ್ನು ಪ್ರಶ್ನಿಸಿದವನು ಮೆಕ್ಸಿಕೋ ನಗರದಲ್ಲಿ ಖಾಯಂ ನೆಲೆಸಿದ್ದ ಕುಕ್ ಎಂಬ ಅಮೆರಿಕನ್ ಪ್ರಜೆ. ತನ್ನ ವಾಸವೂ ಮೆಕ್ಸಿಕೋದಲ್ಲಿ, ಆಸ್ತಿಯೂ ಮೆಕ್ಸಿಕೋದಲ್ಲಿ, ಹೀಗಿರಲು ಅಮೆರಿಕದ ಸರ್ಕಾರಕ್ಕೆ ತನ್ನ ವರಮಾನದ ಮೇಲೆ ಯಾವ ಹಕ್ಕು ಎಂಬುದು ಆತನ ವಾದ. 1924ರ ‘ಕುಕ್ ವಿರುದ್ಧ ಟೈಟ್’ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ವಾದವನ್ನು ತಳ್ಳಿಹಾಕಿತು. ಸರ್ಕಾರವು ತನ್ನ ಸ್ವಭಾವದಿಂದಲೇ ಪ್ರಜೆಗೂ ಅವನ ಸ್ವತ್ತಿಗೂ, ಅವು ಎಲ್ಲಿದ್ದರೂ, ಉಪಕಾರಿಯಾಗಿದೆ. ಆದಕಾರಣ ತೆರಿಗೆಯ ಅಧಿಕಾರವು ಸ್ವತ್ತಿನ ಅಥವಾ ವಾಸದ ಸ್ಥಳವನ್ನು ಅವಲಂಬಿಸಿದ್ದಲ್ಲ, ಪ್ರಜೆಗೂ ಸರ್ಕಾರಕ್ಕೂ ಇರುವ ಸಂಬಂಧವನ್ನು ಅವಲಂಬಿಸಿದ್ದು ಎಂಬುದು ತೀರ್ಪಿನ ಸಾರ. ನೂರು ವರ್ಷಗಳು ಕಳೆದರೂ ಈ ತೀರ್ಪು ಅಬಾಧಿತವಾಗಿದೆ. ಉಪಕಾರವನ್ನು ಅಳೆಯುವ ಗೋಜಿಗೆ ನ್ಯಾಯಾಲಯ ಹೋಗಲಿಲ್ಲವೆಂಬುದನ್ನು ಗಮನಿಸಬೇಕು. ಅಳೆದಿದ್ದರೆ ತೀರ್ಪು ಬರೆಯುವುದು ಇಷ್ಟು ಸುಲಭವಾಗುತ್ತಿರಲಿಲ್ಲ.

ಹಕ್ಕು ಸ್ಥಾಪಿತವಾದ ಎರಡೇ ವರ್ಷಗಳಲ್ಲಿ ಅದರ ತೀಕ್ಷ್ಣತೆಯನ್ನು ತಗ್ಗಿಸುವ ಕ್ರಮವೂ ಬಂದಿತು. ಹೊರದೇಶಗಳಲ್ಲಿ ಅಮೆರಿಕದ ಸರಕನ್ನು ಮಾರುವ ತಮ್ಮವರು ಇತರ ರಾಷ್ಟ್ರಗಳ ವರ್ತಕರೊಡನೆ ಸ್ಪರ್ಧಿಸಲಾರದೆ ಹೋಗುತ್ತಾರೆಂಬ ವ್ಯಾಪಾರಿ ವರ್ಗದ ದೂರನ್ನು ಒಪ್ಪಿ, 1926ರ ಶಾಸನವು ಆರು ತಿಂಗಳಿಗಿಂತ ಹೆಚ್ಚು ಕಾಲ ಹೊರಗಿರುವ ಪ್ರಜೆಯ ದುಡಿಮೆಯ ವರಮಾನಕ್ಕೆ ಪೂರ್ಣ ವಿನಾಯಿತಿ ನೀಡಿತು. 1962ರಲ್ಲಿ ಇದಕ್ಕೆ ಮಿತಿ ಬಿದ್ದಿತು. ಇಂದು ‘ವಿದೇಶಾರ್ಜಿತ ವರಮಾನದ ವಿನಾಯಿತಿ’ ಎಂದು ಪ್ರಸಿದ್ಧವಾಗಿರುವ ಈ ರಿಯಾಯಿತಿಯ ಮಿತಿಯನ್ನು ಬೆಲೆಯೇರಿಕೆಗೆ ಅನುಗುಣವಾಗಿ ವರ್ಷವರ್ಷವೂ ಏರಿಸಲಾಗುತ್ತದೆ. 2024ನೆಯ ವರ್ಷಕ್ಕೆ ಅದು 1,26,500 ಡಾಲರು, 2025ಕ್ಕೆ 1,30,000 ಡಾಲರು. ಇದನ್ನು ಪಡೆಯುವವನ ವೃತ್ತಿಯ ಕೇಂದ್ರ ಹೊರದೇಶದಲ್ಲಿರಬೇಕು. ಜೊತೆಗೆ, ಒಂದು ಇಡೀ ತೆರಿಗೆ ವರ್ಷವನ್ನು ಒಳಗೊಳ್ಳುವಂತೆ ಆತ ಅಲ್ಲಿನ ನಿಜವಾದ ನಿವಾಸಿಯಾಗಿರಬೇಕು, ಇಲ್ಲವೆ ಅನುಕ್ರಮವಾದ ಯಾವುದಾದರೂ ಹನ್ನೆರಡು ತಿಂಗಳಲ್ಲಿ 330 ಪೂರ್ಣ ದಿನಗಳನ್ನು ವಿದೇಶದ ನೆಲದ ಮೇಲೆ ಕಳೆದಿರಬೇಕು. ದಿನವೆಂದರೆ ಮಧ್ಯರಾತ್ರಿಯಿಂದ ಮಧ್ಯರಾತ್ರಿಯವರೆಗೆ. ಸಾಗರದ ಮೇಲೆ ವಿಮಾನದಲ್ಲಿ ಕಳೆದ ಹೊತ್ತು ವಿದೇಶವಾಸವಲ್ಲ. ದೇಶದಿಂದ ದೇಶಕ್ಕೆ ಅಲೆಯುತ್ತ ಆನ್‌ಲೈನ್ ಕೆಲಸ ಮಾಡುವವರು ಈ 330 ದಿನಗಳ ಲೆಕ್ಕವನ್ನು ಪಂಚಾಂಗ ನೋಡುವವರಂತೆ ಇಟ್ಟುಕೊಂಡಿರುವುದು ಇದಕ್ಕಾಗಿಯೇ.

ಇಲ್ಲಿ ಒಂದು ಭ್ರಾಂತಿಯನ್ನು ನಿವಾರಿಸಬೇಕು. ಗಿರಾಕಿ ಅಮೆರಿಕದಲ್ಲಿದ್ದರೆ ವರಮಾನವೂ ಅಮೆರಿಕದ್ದೇ ಎಂದು ಅನೇಕರು ತಿಳಿಯುತ್ತಾರೆ. ಸೇವೆಯ ವಿಷಯದಲ್ಲಿ ಹಾಗಲ್ಲ. ಸೇವೆಯ ವರಮಾನವು ಆ ಸೇವೆಯನ್ನು ಎಸಗಿದ ಸ್ಥಳದಲ್ಲಿ ಹುಟ್ಟುತ್ತದೆ. ಹಣ ಯಾವ ಬ್ಯಾಂಕಿಗೆ ಬಂತು, ಯಾರು ಕೊಟ್ಟರು ಎಂಬುದು ಗೌಣ. ಮೈಸೂರಿನಲ್ಲಿ ಕುಳಿತು ಚಿಕಾಗೋ ನಗರದ ಸಂಸ್ಥೆಗೆ ಬರೆದ ಪ್ರೋಗ್ರಾಮಿನ ಸಂಭಾವನೆ ವಿದೇಶಾರ್ಜಿತವೇ ಸರಿ. ಅದೇ ವ್ಯಕ್ತಿ ಬಂಧುಗಳನ್ನು ನೋಡಲು ಎರಡು ವಾರ ಅಮೆರಿಕಕ್ಕೆ ಹೋಗಿ ಅಲ್ಲಿಯೂ ಲ್ಯಾಪ್‌ಟಾಪ್ ತೆರೆದು ಕೆಲಸ ಮಾಡಿದರೆ, ಆ ಎರಡು ವಾರದ ಸಂಪಾದನೆ ಅಮೆರಿಕದ ಮೂಲದ್ದಾಗಿ ವಿನಾಯಿತಿಯಿಂದ ಹೊರಗುಳಿಯುತ್ತದೆ.

ವ್ಯಾಪಾರ ಬರಿಯ ಸೇವೆಯಲ್ಲದೆ ಸರಕಿನ ಮಾರಾಟವಾದರೆ ಸ್ಥಿತಿ ಬೇರೆ. ವಿನಾಯಿತಿ ಇರುವುದು ದುಡಿಮೆಯ ಫಲಕ್ಕೆ, ಬಂಡವಾಳದ ಫಲಕ್ಕಲ್ಲ. ದುಡಿಮೆ ಬಂಡವಾಳಗಳೆರಡೂ ಗಣನೀಯವಾಗಿ ಲಾಭವನ್ನು ಉಂಟುಮಾಡುವ ಉದ್ಯಮದಲ್ಲಿ, ಮಾಲೀಕನ ಶ್ರಮಕ್ಕೆ ನ್ಯಾಯವಾಗಿ ಸಲ್ಲುವ ಪ್ರತಿಫಲವನ್ನು ಮಾತ್ರ ದುಡಿಮೆಯ ವರಮಾನವೆಂದು ಎಣಿಸುತ್ತಾರೆ; ಅದೂ ನಿವ್ವಳ ಲಾಭದ ಶೇಕಡಾ 30ನ್ನು ಮೀರಕೂಡದು. ಹೀಗಾಗಿ ಸಲಹೆಗಾರನೊಬ್ಬ ತನ್ನ 1,00,000 ಡಾಲರಿನ ಲಾಭವನ್ನು ಪೂರ್ಣವಾಗಿ ವಿನಾಯಿತಿಗೆ ಒಳಪಡಿಸಬಲ್ಲನಾದರೆ, ಗೋದಾಮಿನಲ್ಲಿ ದಾಸ್ತಾನಿಟ್ಟು ಅಷ್ಟೇ ಲಾಭ ಗಳಿಸಿದ ಆನ್‌ಲೈನ್ ಅಂಗಡಿಕಾರನಿಗೆ 30,000ಕ್ಕಿಂತ ಹೆಚ್ಚು ದೊರೆಯುವುದು ದುರ್ಲಭ. ಈ ನಿಯಮ ಬಂದ ಕಾಲದಲ್ಲಿ ಅಂಗಡಿಗೂ ವೃತ್ತಿಗೂ ನಡುವಿನ ಗೆರೆ ಕಣ್ಣಿಗೆ ಕಾಣುತ್ತಿತ್ತು. ಪಾಠಗಳನ್ನು ಒಮ್ಮೆ ಧ್ವನಿಮುದ್ರಿಸಿ ಸಾವಿರ ಸಲ ಮಾರುವ ಉಪಾಧ್ಯಾಯನನ್ನು ಯಾವ ಕಡೆಗೆ ಸೇರಿಸಬೇಕೆಂಬುದಕ್ಕೆ ಈಗ ಪ್ರತಿಯೊಂದು ಸಂದರ್ಭದ ವಿವರಗಳನ್ನೂ ನೋಡಬೇಕಾಗಿದೆ.

ವಿನಾಯಿತಿಯ ಸುದ್ದಿ ಬೇಗ ಹರಡುತ್ತದೆ. ಅದರ ಮುಂದಿನ ಮಾತು ಅಷ್ಟು ಬೇಗ ಹರಡುವುದಿಲ್ಲ. ಸ್ವಂತವಾಗಿ ವ್ಯಾಪಾರ ನಡೆಸುವ ಅಮೆರಿಕನ್ ಪ್ರಜೆಗೆ ವರಮಾನ ತೆರಿಗೆಯ ಜೊತೆಯಲ್ಲಿ ಸ್ವೋದ್ಯೋಗ ತೆರಿಗೆಯೆಂಬ ಇನ್ನೊಂದು ಹೊಣೆಯಿದೆ. ನೌಕರನ ವಿಷಯದಲ್ಲಿ ವೃದ್ಧಾಪ್ಯ ವಿಮೆ ಮತ್ತು ವೈದ್ಯ ವಿಮೆಗಳ ವಂತಿಗೆಯನ್ನು ಅರ್ಧ ನೌಕರನೂ ಅರ್ಧ ಮಾಲೀಕನೂ ಕೊಡುತ್ತಾರೆ. ಸ್ವೋದ್ಯೋಗಿ ಎರಡು ಅರ್ಧಗಳನ್ನೂ ತಾನೇ ಕೊಡಬೇಕು. ವೃದ್ಧಾಪ್ಯ ವಿಮೆಗೆ ಶೇಕಡಾ 12.4, ವೈದ್ಯ ವಿಮೆಗೆ 2.9, ಒಟ್ಟು 15.3. ವರ್ಷಕ್ಕೆ 400 ಡಾಲರುಗಳ ನಿವ್ವಳ ಗಳಿಕೆಯಾದರೆ ಸಾಕು, ಈ ಹೊಣೆಯೂ ಅದರೊಡನೆ ರಿಟರ್ನು ಸಲ್ಲಿಸುವ ಹೊಣೆಯೂ ಆರಂಭವಾಗುತ್ತವೆ. ವಿದೇಶಾರ್ಜಿತ ವರಮಾನದ ವಿನಾಯಿತಿ ಈ ತೆರಿಗೆಗೆ ಅನ್ವಯಿಸುವುದಿಲ್ಲ. ವಿದೇಶದಲ್ಲಿ ಕಟ್ಟಿದ ವರಮಾನ ತೆರಿಗೆಯನ್ನು ಇದರಲ್ಲಿ ವಜಾ ಮಾಡಿಕೊಳ್ಳಲೂ ಬರುವುದಿಲ್ಲ.

ಒಂದು ಉದಾಹರಣೆಯನ್ನು ಲೆಕ್ಕ ಹಾಕಿ ನೋಡೋಣ. ಹುಟ್ಟಿನಿಂದ ಅಮೆರಿಕನ್ ಪ್ರಜೆಯಾದ, ಬಾಲ್ಯದಿಂದ ಬೆಂಗಳೂರಿನಲ್ಲಿಯೇ ಬೆಳೆದ ಅವಿವಾಹಿತ ತರುಣಿಯೊಬ್ಬಳು ಆನ್‌ಲೈನ್ ಮೂಲಕ ಚಿತ್ರವಿನ್ಯಾಸದ ಕೆಲಸ ಮಾಡಿ 2025ರಲ್ಲಿ 60,000 ಡಾಲರು, ಅಂದರೆ ಸುಮಾರು ಅರ್ಧ ಕೋಟಿ ರೂಪಾಯಿ, ನಿವ್ವಳ ಲಾಭ ಪಡೆದಳೆಂದು ಇಟ್ಟುಕೊಳ್ಳೋಣ. ವಿನಾಯಿತಿಯ ಮಿತಿಯೊಳಗಿರುವುದರಿಂದ ಆಕೆಗೆ ಅಮೆರಿಕದ ವರಮಾನ ತೆರಿಗೆ ಶೂನ್ಯ. ಸ್ವೋದ್ಯೋಗ ತೆರಿಗೆಗೆ ಲಾಭದ ಶೇಕಡಾ 92.35 ಭಾಗವನ್ನು, ಅಂದರೆ 55,410 ಡಾಲರುಗಳನ್ನು, ಗಣನೆಗೆ ತೆಗೆದುಕೊಳ್ಳುತ್ತಾರೆ. ಅದರ ಮೇಲೆ 15.3ರಂತೆ ತೆರಿಗೆ ಸುಮಾರು 8,478 ಡಾಲರು. ವಿನಾಯಿತಿಯೆಂಬುದೇ ಇಲ್ಲದೆ ಹೋಗಿದ್ದರೆ ಆಕೆಯ ವರಮಾನ ತೆರಿಗೆ ಎಷ್ಟಾಗುತ್ತಿತ್ತು? ಆ ವರ್ಷದ 15,750 ಡಾಲರಿನ ಸಾಮಾನ್ಯ ಕಡಿತವನ್ನೂ ಸ್ವೋದ್ಯೋಗ ತೆರಿಗೆಯ ಅರ್ಧವನ್ನೂ ಕಳೆದರೆ ಉಳಿಯುವ ಮೊತ್ತಕ್ಕೆ ಸುಮಾರು 4,560 ಡಾಲರು. ಎಂದರೆ ಮನ್ನಾ ಆದ ತೆರಿಗೆಗಿಂತ ಮನ್ನಾ ಆಗದೆ ಉಳಿದ ತೆರಿಗೆಯೇ ಹೆಚ್ಚುಕಡಿಮೆ ಇಮ್ಮಡಿ. ಸಾಧಾರಣ ಗಳಿಕೆಯ ಸ್ವೋದ್ಯೋಗಿಗಳಿಗೆ ಇದೇ ನಿಜವಾದ ಭಾರ. ವರಮಾನ ತೆರಿಗೆಯ ಬಗ್ಗೆ ನಡೆಯುವ ಚರ್ಚೆಯಲ್ಲಿ ಈ ಅಂಶ ಮರೆಯಾಗಿಬಿಡುತ್ತದೆ.

ಈ ತರುಣಿ ಜರ್ಮನಿಯಲ್ಲಿಯೋ ಫ್ರಾನ್ಸಿನಲ್ಲಿಯೋ ವಾಸವಾಗಿದ್ದರೆ ಅಷ್ಟೂ ಹಣ ಉಳಿಯುತ್ತಿತ್ತು. 1978ರಲ್ಲಿ ಇಟಲಿಯೊಡನೆ ಮೊದಲುಗೊಂಡು ಅಮೆರಿಕವು ಸುಮಾರು ಮೂವತ್ತು ದೇಶಗಳೊಡನೆ ಸಾಮಾಜಿಕ ವಿಮೆಯ ಒಪ್ಪಂದಗಳನ್ನು ಮಾಡಿಕೊಂಡಿದೆ. ಅವುಗಳ ಪ್ರಕಾರ ಒಬ್ಬನು ಒಂದು ಕಾಲದಲ್ಲಿ ಒಂದು ದೇಶದ ವಿಮಾನಿಧಿಗೆ ಮಾತ್ರ ವಂತಿಗೆ ಕೊಡತಕ್ಕದ್ದು. ಭಾರತವು ಬೆಲ್ಜಿಯಂ, ಜರ್ಮನಿ, ಫ್ರಾನ್ಸ್ ಮುಂತಾದ ದೇಶಗಳೊಡನೆ ಇಂಥ ಒಪ್ಪಂದಕ್ಕೆ ಬಂದಿದೆ. ಅಮೆರಿಕದೊಡನೆ 2025ರವರೆಗೂ ಬಂದಿಲ್ಲ. ಈ ಕೊರತೆಯ ಮಾತು ನಮ್ಮಲ್ಲಿ ಸಾಮಾನ್ಯವಾಗಿ ಇನ್ನೊಂದು ಸಂದರ್ಭದಲ್ಲಿ ಕೇಳಿಬರುತ್ತದೆ: ಅಲ್ಲಿಗೆ ಹೋದ ಭಾರತೀಯ ನೌಕರರು ಕೆಲವು ವರ್ಷ ವಂತಿಗೆ ಕಟ್ಟಿ, ನಿವೃತ್ತಿವೇತನಕ್ಕೆ ಬೇಕಾದ ನಲವತ್ತು ತ್ರೈಮಾಸಿಕಗಳು ತುಂಬುವ ಮುನ್ನ ಹಿಂದಿರುಗಿ, ಕಟ್ಟಿದ್ದನ್ನು ಕಳೆದುಕೊಳ್ಳುತ್ತಾರೆಂಬುದು ಆ ದೂರು. ಅದೇ ಕೊರತೆ ಇಲ್ಲಿರುವ ಅಮೆರಿಕನ್ ಪ್ರಜೆಯನ್ನು ವಿರುದ್ಧ ದಿಕ್ಕಿನಿಂದ ಬಾಧಿಸುತ್ತದೆ. ಆಕೆ ಹತ್ತು ವರ್ಷ ಕಟ್ಟಿದರೆ ಮುಂದೆ ನಿವೃತ್ತಿವೇತನಕ್ಕೆ ಹಕ್ಕುಳ್ಳವಳಾಗುವಳು ಎಂಬುದೂ ನಿಜವೇ. ಕಟ್ಟಿದ್ದೆಲ್ಲವೂ ವ್ಯರ್ಥವೆಂದು ಹೇಳುವುದು ನ್ಯಾಯವಲ್ಲ.

ಭಾರತ ಅಮೆರಿಕಗಳ ನಡುವೆ 1989ರಲ್ಲಿ ಸಹಿಯಾದ ದ್ವಿತೆರಿಗೆ ನಿವಾರಣಾ ಒಪ್ಪಂದವಿದೆಯಲ್ಲ, ಅದು ಏನಾಯಿತು ಎಂದು ವಾಚಕರು ಕೇಳಬಹುದು. ಆ ಒಪ್ಪಂದದ ಮೊದಲನೆಯ ವಿಧಿಯಲ್ಲಿಯೇ, ಒಪ್ಪಂದ ಜಾರಿಗೆ ಬಾರದೆ ಇದ್ದರೆ ಹೇಗೋ ಹಾಗೆಯೇ ತನ್ನ ಪ್ರಜೆಗಳ ಮೇಲೆ ತೆರಿಗೆ ವಿಧಿಸುವ ಹಕ್ಕನ್ನು ಅಮೆರಿಕ ಉಳಿಸಿಕೊಂಡಿದೆ. ಸಾಮಾಜಿಕ ವಿಮೆಯ ವಂತಿಗೆಗಳನ್ನು ಒಪ್ಪಂದದ ವ್ಯಾಪ್ತಿಯಿಂದ ಸ್ಪಷ್ಟವಾಗಿ ಹೊರಗಿಡಲಾಗಿದೆ. ಉಳಿಯುವ ಪರಿಹಾರವೆಂದರೆ ಒಂದು ದೇಶದಲ್ಲಿ ಕಟ್ಟಿದ ವರಮಾನ ತೆರಿಗೆಯನ್ನು ಇನ್ನೊಂದರ ವರಮಾನ ತೆರಿಗೆಯಲ್ಲಿ ವಜಾ ಮಾಡಿಕೊಳ್ಳುವುದು. ನಮ್ಮ ಉದಾಹರಣೆಯ ತರುಣಿ ಭಾರತದ ನಿವಾಸಿ. ಇಲ್ಲಿ ಮಾಡಿದ ಕೆಲಸದ ವರಮಾನ ಇಲ್ಲಿಯೇ ಹುಟ್ಟಿದ್ದು. ಆದ್ದರಿಂದ ಮೊದಲ ಹಕ್ಕು ಭಾರತದ್ದು. 2025ರ ಆಯವ್ಯಯದ ನಂತರ ಹೊಸ ಪದ್ಧತಿಯಲ್ಲಿ 24 ಲಕ್ಷ ರೂಪಾಯಿ ಮೀರಿದ ಭಾಗಕ್ಕೆ ದರ ಶೇಕಡಾ 30. ಪೂರ್ಣ ಲಾಭದ ಮೇಲೆ ಇಲ್ಲಿ ತೆರಿಗೆ ಕಟ್ಟಿದ ಪಕ್ಷದಲ್ಲಿ ಅಮೆರಿಕದ ವರಮಾನ ತೆರಿಗೆಯನ್ನು ವಜಾ ಒಂದರಿಂದಲೇ ತೀರಿಸಿ, ಮಿಕ್ಕಿದ್ದನ್ನು ಮುಂದಿನ ಹತ್ತು ವರ್ಷಗಳಿಗೆ ಕಾದಿಡಬಹುದು. ಹೀಗಿರುವಾಗ ವಿನಾಯಿತಿಯನ್ನು ಆರಿಸಿಕೊಂಡರೆ ಆ ಶೇಷ ದೊರೆಯುವುದಿಲ್ಲ. ಒಮ್ಮೆ ಆರಿಸಿಕೊಂಡ ವಿನಾಯಿತಿಯನ್ನು ಬಿಟ್ಟುಕೊಟ್ಟವರು ಅಲ್ಲಿನ ಇಲಾಖೆಯ ಅನುಮತಿಯಿಲ್ಲದೆ ಐದು ವರ್ಷ ಅದನ್ನು ಮತ್ತೆ ಪಡೆಯುವಂತಿಲ್ಲ. ತೆರಿಗೆಯೇ ಇಲ್ಲದ ಅಥವಾ ತೆರಿಗೆ ಹಗುರವಾದ ದೇಶದಲ್ಲಿರುವವರಿಗೆ ವಿನಾಯಿತಿ ಲಾಭಕರ. ಭಾರತದಂಥ ದೇಶದಲ್ಲಿ ಬಹುಮಟ್ಟಿಗೆ ವಜಾ ಲಾಭಕರ. ಎರಡು ದೇಶಗಳ ತೆರಿಗೆ ವರ್ಷಗಳು ಬೇರೆ ಬೇರೆಯೆಂಬ ತೊಡಕು ಇದರ ಮೇಲಿದೆ: ನಮ್ಮದು ಏಪ್ರಿಲಿನಿಂದ ಮಾರ್ಚಿಗೆ, ಅವರದು ಜನವರಿಯಿಂದ ಡಿಸೆಂಬರಿಗೆ. ಒಂದೇ ವರಮಾನದ ತೆರಿಗೆ ಎರಡು ಲೆಕ್ಕಗಳಲ್ಲಿ ಎರಡು ವರ್ಷಗಳಿಗೆ ಹಂಚಿಹೋಗುತ್ತದೆ.

ಅಮೆರಿಕದಲ್ಲಿ ಬಹುಕಾಲವಿದ್ದು ಈಚೆಗೆ ಹಿಂದಿರುಗಿದವರ ವಿಷಯದಲ್ಲಿ ಇನ್ನೊಂದು ಎಚ್ಚರಿಕೆ ಅಗತ್ಯ. ಹಿಂದಿನ ಹತ್ತು ವರ್ಷಗಳಲ್ಲಿ ಒಂಬತ್ತು ವರ್ಷ ಅನಿವಾಸಿಯಾಗಿದ್ದವನು, ಅಥವಾ ಹಿಂದಿನ ಏಳು ವರ್ಷಗಳಲ್ಲಿ ಒಟ್ಟು 729 ದಿನಗಳಿಗೆ ಮೀರದೆ ಇಲ್ಲಿದ್ದವನು ‘ಸಾಮಾನ್ಯ ನಿವಾಸಿಯಲ್ಲದವನು’ ಎಂಬ ಮಧ್ಯವರ್ಗಕ್ಕೆ ಸೇರುತ್ತಾನೆ. ಆತನ ವಿದೇಶೀ ವರಮಾನಕ್ಕೆ ಇಲ್ಲಿ ತೆರಿಗೆಯಿಲ್ಲವೆಂದು ಎಲ್ಲರೂ ಹೇಳುತ್ತಾರೆ. ಆದರೆ ಭಾರತದಿಂದ ನಿಯಂತ್ರಿತವಾದ ವ್ಯಾಪಾರದ ವರಮಾನಕ್ಕೆ ಈ ಮಾತು ಸಲ್ಲದು. ಜಯನಗರದ ಮನೆಯೊಂದರ ಕೋಣೆಯಿಂದ ನಡೆಯುವ ಆನ್‌ಲೈನ್ ವ್ಯಾಪಾರವು, ಅದರ ಗಿರಾಕಿಗಳೂ ಬ್ಯಾಂಕ್ ಖಾತೆಯೂ ಅಮೆರಿಕದಲ್ಲಿದ್ದರೂ, ನಿಯಂತ್ರಿತವಾಗುವುದು ಜಯನಗರದಿಂದಲೇ. 1961ರ ಅಧಿನಿಯಮದ ಸ್ಥಾನಕ್ಕೆ 2026ರ ಏಪ್ರಿಲ್ 1ರಿಂದ ಬರುವಂತೆ ರಚಿತವಾದ 2025ರ ವರಮಾನ ತೆರಿಗೆ ಅಧಿನಿಯಮದಲ್ಲಿಯೂ ಈ ತತ್ತ್ವ ಮುಂದುವರಿದಿದೆ.

ಸ್ವೋದ್ಯೋಗ ತೆರಿಗೆಯಿಂದ ಪಾರಾಗಲು ಕೆಲವರು ಹಿಡಿಯುವ ದಾರಿ ತಾವಿರುವ ದೇಶದಲ್ಲಿ ಒಂದು ಕಂಪೆನಿಯನ್ನು ಸ್ಥಾಪಿಸಿ, ಅದರ ನೌಕರರಾಗಿ ಸಂಬಳ ಪಡೆಯುವುದು. ವಿದೇಶೀ ಕಂಪೆನಿ ಕೊಡುವ ಸಂಬಳಕ್ಕೆ ಆ ತೆರಿಗೆ ಇಲ್ಲವಾದ್ದರಿಂದ ಈ ಉಪಾಯ ಸಫಲವಾಗುತ್ತದೆ. ಎಸ್ಟೋನಿಯಾ ದೇಶವು 2014ರ ಡಿಸೆಂಬರಿನಿಂದ ಹೊರಗಿನವರಿಗೂ ನೀಡುತ್ತಿರುವ ‘ಇ-ರೆಸಿಡೆನ್ಸಿ’ ಚೀಟಿಯನ್ನು ಹಿಡಿದು ಅಲ್ಲಿ ಕಂಪೆನಿ ತೆರೆದವರೂ ಉಂಟು; ಹಂಚದೆ ಉಳಿಸಿದ ಲಾಭಕ್ಕೆ ಅಲ್ಲಿ ತೆರಿಗೆಯಿಲ್ಲ. ಆದರೆ ಅಮೆರಿಕದ ಶಾಸನದ ದೃಷ್ಟಿಯಲ್ಲಿ ಒಬ್ಬನೇ ಪ್ರಜೆ ಒಡೆಯನಾಗಿರುವ ಈ ಪುಟ್ಟ ಸಂಸ್ಥೆಯೂ ಭಾರಿ ಉದ್ಯಮಗಳ ಶಾಖೆಗಳಂತೆಯೇ ಒಂದು ‘ನಿಯಂತ್ರಿತ ವಿದೇಶೀ ಕಂಪೆನಿ’. ಅದರ ವಿವರಗಳನ್ನು 5471ನೆಯ ನಮೂನೆಯಲ್ಲಿ ಪ್ರತಿವರ್ಷ ಸಲ್ಲಿಸಬೇಕು. ತಪ್ಪಿದರೆ ವರ್ಷಕ್ಕೆ 10,000 ಡಾಲರು ದಂಡ. 2017ರ ಡಿಸೆಂಬರಿನಲ್ಲಿ ಆದ ತೆರಿಗೆ ಸುಧಾರಣೆಯು, ಬೃಹತ್ ಕಂಪೆನಿಗಳು ಲಾಭವನ್ನು ಹೊರಗೆ ಕೂಡಿಡುವುದನ್ನು ತಡೆಯಲೆಂದು, ಹಂಚದ ಲಾಭವನ್ನೂ ಷೇರುದಾರನ ಕೈಸೇರಿದಂತೆ ಎಣಿಸುವ ನಿಯಮವನ್ನು ತಂದಿತು. ‘ಗಿಲ್ಟಿ’ ಎಂಬ ಸಂಕ್ಷೇಪನಾಮದಿಂದ ಪರಿಚಿತವಾಗಿದ್ದ ಈ ನಿಯಮದ ಹೆಸರನ್ನೂ ಕೆಲವು ಅಂಶಗಳನ್ನೂ 2025ರ ಜುಲೈ ತಿಂಗಳ ಶಾಸನ ಬದಲಿಸಿತು. ತಿರುಳು ಹಾಗೆಯೇ ಇದೆ. ಈ ನಿಯಮದಲ್ಲಿ ಕಂಪೆನಿ ಷೇರುದಾರನಿಗೆ ದೊರೆಯುವ ದೊಡ್ಡ ಕಡಿತ ವ್ಯಕ್ತಿ ಷೇರುದಾರನಿಗೆ ತಾನಾಗಿ ದೊರೆಯುವುದಿಲ್ಲ. ಅದಕ್ಕಾಗಿ ಪ್ರತ್ಯೇಕವಾದ ಆಯ್ಕೆಯನ್ನು ಮಾಡಿಕೊಳ್ಳಬೇಕು. ತಿಮಿಂಗಿಲಕ್ಕೆಂದು ಹೆಣೆದ ಬಲೆಯಲ್ಲಿ ಮೀನುಮರಿ ಸಿಕ್ಕಿಕೊಂಡಂತಾಯಿತು. ಭಾರತದ ಕಂಪೆನಿಯಾದರೆ ಒಂದು ಬಿಡುಗಡೆಯುಂಟು: ವಿದೇಶದ ತೆರಿಗೆ ಶೇಕಡಾ 18.9ನ್ನು ಮೀರಿದ್ದರೆ ಷೇರುದಾರನು ಕೇಳಿಕೊಂಡು ಆ ಲಾಭವನ್ನು ಹೊರಗಿಡಿಸಬಹುದು. ಶೇಕಡಾ 22ರ ದರವನ್ನು ಆರಿಸಿಕೊಂಡ ನಮ್ಮ ಕಂಪೆನಿಯ ತೆರಿಗೆ ಉಪಕರಗಳೂ ಸೇರಿ 25.168 ಆಗುವುದರಿಂದ ಈ ಮಟ್ಟವನ್ನು ಸುಲಭವಾಗಿ ದಾಟುತ್ತದೆ. ಶೇಕಡಾ 9ರ ಕಂಪೆನಿ ತೆರಿಗೆಯಿರುವ ದುಬೈಯಲ್ಲಿ ಇದು ಸಾಧ್ಯವಿಲ್ಲ.

2017ರ ಇದೇ ಸುಧಾರಣೆಯ ಇನ್ನೊಂದು ವಿಧಿಯು, 1986ರಿಂದ ವಿದೇಶೀ ಕಂಪೆನಿಗಳಲ್ಲಿ ಕೂಡಿಬಿದ್ದ ಲಾಭದ ಮೇಲೆ ಒಂದು ಬಾರಿಯ ತೆರಿಗೆಯನ್ನು ವಿಧಿಸಿತು. ಅದರ ಸಿಂಧುತ್ವವನ್ನು ನಿರ್ಣಯಿಸಿದ ‘ಮೂರ್ ವಿರುದ್ಧ ಸಂಯುಕ್ತ ಸಂಸ್ಥಾನ’ ಪ್ರಕರಣದ ಕಥಾವಸ್ತು ಬೆಂಗಳೂರಿನದು. ಅಮೆರಿಕದ ದಂಪತಿಗಳಿಬ್ಬರು ನಮ್ಮ ರೈತರಿಗೆ ಉಪಕರಣಗಳನ್ನು ಒದಗಿಸುವ ಬೆಂಗಳೂರಿನ ಕಿಸಾನ್‌ಕ್ರಾಫ್ಟ್ ಕಂಪೆನಿಯಲ್ಲಿ 2006ರಲ್ಲಿ 40,000 ಡಾಲರು ತೊಡಗಿಸಿದ್ದರು. ಕಂಪೆನಿ ತನ್ನ ಲಾಭವನ್ನು ಮರಳಿ ಉದ್ಯಮದಲ್ಲಿಯೇ ತೊಡಗಿಸುತ್ತ ಬಂದದ್ದರಿಂದ ಅವರಿಗೆ ಡಿವಿಡೆಂಡು ಬಂದಿರಲಿಲ್ಲ. ಆದರೂ 14,729 ಡಾಲರು ತೆರಿಗೆ ಬಿದ್ದಿತು. ಕೈಗೆ ಬಾರದ ವರಮಾನ ವರಮಾನವೇ ಅಲ್ಲವೆಂಬ ಅವರ ವಾದವನ್ನು ಸರ್ವೋಚ್ಚ ನ್ಯಾಯಾಲಯವು 2024ರ ಜೂನ್ 20ರಂದು ಏಳು ಮತಗಳಿಂದ ಎರಡಕ್ಕೆ ನಿರಾಕರಿಸಿತು. ದಂಪತಿಗಳು ಪರದೇಶವಾಸಿಗಳಲ್ಲ, ಆದರೆ ಅವರ ಸೋಲು ಹೊರದೇಶಗಳಲ್ಲಿ ಸ್ವಂತ ಕಂಪೆನಿ ನಡೆಸುವ ಪ್ರಜೆಗಳೆಲ್ಲರ ಆಸೆಯನ್ನು ಕುಗ್ಗಿಸಿತು.

ತೆರಿಗೆಗಿಂತ ವರದಿಯ ಹೊಣೆ ಭಾರವಾಗುವುದೂ ಉಂಟು. 1970ರ ಒಂದು ಶಾಸನದ ಪ್ರಕಾರ, ವಿದೇಶದ ಬ್ಯಾಂಕ್ ಖಾತೆಗಳಲ್ಲಿರುವ ಹಣ ಎಲ್ಲ ಸೇರಿ ವರ್ಷದ ಯಾವುದೇ ಒಂದು ದಿನ 10,000 ಡಾಲರುಗಳನ್ನು ಮೀರಿದರೆ ಅವುಗಳ ವಿವರವನ್ನು ಖಜಾನೆಗೆ ತಿಳಿಸಬೇಕು. ಈ ಮಿತಿಯನ್ನು ಬೆಲೆಯೇರಿಕೆಗೆ ತಕ್ಕಂತೆ ಏರಿಸಿಲ್ಲ. ಇಂದಿನ ವಿನಿಮಯ ದರದಲ್ಲಿ ಇದು ಒಂಬತ್ತು ಲಕ್ಷ ರೂಪಾಯಿಯ ಆಸುಪಾಸು. ತಂದೆತಾಯಿಗಳೊಡನೆ ಜಂಟಿಯಾಗಿರುವ ಖಾತೆಯೂ, ವ್ಯಾಪಾರದ ಖಾತೆಯೂ ಇದರಲ್ಲಿ ಸೇರುತ್ತವೆ. ಅರಿಯದೆ ಮಾಡಿದ ಲೋಪಕ್ಕೂ 10,000 ಡಾಲರಿನವರೆಗೆ, ಬೆಲೆಯೇರಿಕೆಗೆ ತಕ್ಕಂತೆ ಅದಕ್ಕೂ ಹೆಚ್ಚಾಗಿ, ದಂಡವಿದೆ. ರುಮೇನಿಯಾದಲ್ಲಿ ಹುಟ್ಟಿ ಅಮೆರಿಕದ ಪೌರತ್ವ ಪಡೆದು 1990ರಲ್ಲಿ ತಾಯ್ನಾಡಿಗೆ ಮರಳಿದ ಬಿಟ್ನರ್ ಎಂಬ ಉದ್ಯಮಿ ಐದು ವರ್ಷಗಳ ವರದಿಯನ್ನು ಸಕಾಲದಲ್ಲಿ ಸಲ್ಲಿಸಿರಲಿಲ್ಲ. ಸರ್ಕಾರ ಒಂದೊಂದು ಖಾತೆಗೂ ಬೇರೆ ಬೇರೆಯಾಗಿ ಎಣಿಸಿ 27.2 ಲಕ್ಷ ಡಾಲರು ದಂಡ ಕೇಳಿತು. ದಂಡ ವರದಿಗೊಂದರಂತೆಯೇ ಹೊರತು ಖಾತೆಗೊಂದರಂತಲ್ಲವೆಂದು 2023ರ ಫೆಬ್ರವರಿಯಲ್ಲಿ ಐದು ಮತಗಳಿಂದ ನಾಲ್ಕಕ್ಕೆ ತೀರ್ಪಾಗಿ ಅದು 50,000ಕ್ಕೆ ಇಳಿಯಿತು. ಒಂದು ಮತ ಆಚೆಗೆ ಸರಿದಿದ್ದರೆ!

ಇಂಥ ಲೋಪಗಳು ಬಹುಕಾಲ ಬಯಲಾಗದೆ ಉಳಿಯುತ್ತಿದ್ದುವು. 2010ರ ಫ್ಯಾಟ್ಕಾ ಶಾಸನದ ನಂತರ ಹಾಗಿಲ್ಲ. ಭಾರತವು 2015ರ ಜುಲೈ 9ರಂದು ಸಹಿ ಮಾಡಿದ ಒಪ್ಪಂದದ ಪ್ರಕಾರ ನಮ್ಮ ಬ್ಯಾಂಕುಗಳು ಅಮೆರಿಕನ್ ಪ್ರಜೆಗಳ ಖಾತೆಗಳನ್ನು ಗುರುತಿಸಿ ವಿವರಗಳನ್ನು ಕಳುಹಿಸುತ್ತವೆ. ಖಾತೆ ತೆರೆಯುವಾಗ ಜನ್ಮಸ್ಥಳವನ್ನೂ ತೆರಿಗೆಯ ನಿವಾಸವನ್ನೂ ಕೇಳುವ ಪತ್ರದ ಮೂಲ ಇದೇ.

ಮಾರಾಟದ ಮೇಲಿನ ಪರೋಕ್ಷ ತೆರಿಗೆಗಳ ವಿಚಾರ ಬೇರೆಯೇ ಒಂದು ಲೇಖನವನ್ನು ಬೇಡುತ್ತದೆ. ಇಲ್ಲಿ ಇಷ್ಟು ಸಾಕು: ಅವುಗಳಲ್ಲಿ ಮಾರುವವನ ಪೌರತ್ವಕ್ಕೆ ಬೆಲೆಯಿಲ್ಲ, ಕೊಳ್ಳುವವನ ಸ್ಥಳಕ್ಕೆ ಮಾತ್ರ. ಯೂರೋಪಿನ ಒಕ್ಕೂಟವು 2015ರಿಂದ ಡಿಜಿಟಲ್ ಸೇವೆಗಳಿಗೆ ಗ್ರಾಹಕನ ದೇಶದ ಮೌಲ್ಯವರ್ಧಿತ ತೆರಿಗೆಯನ್ನು ಅನ್ವಯಿಸಿದೆ. ಅಮೆರಿಕದ ರಾಜ್ಯಗಳು 2018ರ ‘ದಕ್ಷಿಣ ಡಕೋಟ ವಿರುದ್ಧ ವೇಫೇರ್’ ತೀರ್ಪಿನ ಬಲದಿಂದ, ತಮ್ಮಲ್ಲಿ ಅಂಗಡಿಯೇ ಇಲ್ಲದ ದೂರದ ಮಾರಾಟಗಾರನಿಂದಲೂ ಮಾರಾಟ ತೆರಿಗೆಯನ್ನು ಪಡೆಯಬಲ್ಲವು.

ಪೌರತ್ವತತ್ತ್ವದ ಒಂದು ಎಳೆ ಈಚೆಗೆ ನಮ್ಮ ಶಾಸನಕ್ಕೂ ಬಂದಿದೆಯೆಂಬುದು ವಿದ್ಯಾರ್ಥಿಗಳ ಲಕ್ಷ್ಯಕ್ಕೆ ಅರ್ಹವಾದುದು. ಭಾರತದ ಮೂಲದಿಂದ 15 ಲಕ್ಷ ರೂಪಾಯಿಗೆ ಮೀರಿದ ವರಮಾನವುಳ್ಳ ಭಾರತೀಯ ಪ್ರಜೆಯು ಬೇರಾವ ದೇಶದಲ್ಲಿಯೂ ನಿವಾಸಾದಿ ಕಾರಣಗಳಿಂದ ತೆರಿಗೆಗೆ ಒಳಪಡದಿದ್ದರೆ, ಆತನನ್ನು ಭಾರತದ ನಿವಾಸಿಯೆಂದೇ ಭಾವಿಸತಕ್ಕದ್ದೆಂದು 2020ರ ಹಣಕಾಸು ಅಧಿನಿಯಮ ವಿಧಿಸಿತು. ಆದರೆ ಹೀಗೆ ಭಾವಿತನಾದವನ ಶುದ್ಧ ವಿದೇಶೀ ವರಮಾನವನ್ನು ನಮ್ಮ ಶಾಸನ ಮುಟ್ಟುವುದಿಲ್ಲ; ಭಾರತದಿಂದ ನಿಯಂತ್ರಿತವಾದ ವ್ಯಾಪಾರದ ವರಮಾನವನ್ನು ಮಾತ್ರ ಮುಟ್ಟುತ್ತದೆ. ಅಮೆರಿಕದ ನಿಯಮಕ್ಕೂ ಇದಕ್ಕೂ ಇರುವ ಅಂತರ ಬಹಳ.

ಅರಿಯದೆ ಹಿಂದುಳಿದವರಿಗೆ ಅಮೆರಿಕದ ಇಲಾಖೆ ಒಂದು ಬಾಗಿಲನ್ನು ತೆರೆದಿಟ್ಟಿದೆ. ಲೋಪ ಉದ್ದೇಶಪೂರ್ವಕವಲ್ಲವೆಂದು ಪ್ರಮಾಣ ಮಾಡಿ, ಮೂರು ವರ್ಷಗಳ ರಿಟರ್ನುಗಳನ್ನೂ ಆರು ವರ್ಷಗಳ ಖಾತೆ ವರದಿಗಳನ್ನೂ ಸಲ್ಲಿಸಿ, ಬಾಕಿ ತೆರಿಗೆಯನ್ನು ಬಡ್ಡಿಸಹಿತ ಕಟ್ಟಿದ ಪರದೇಶವಾಸಿಗೆ ದಂಡ ಮನ್ನಾ ಆಗುತ್ತದೆ. ಇಲಾಖೆಯೇ ಮೊದಲು ಪರಿಶೀಲನೆಗೆ ತೊಡಗಿದರೆ ಈ ಬಾಗಿಲು ಮುಚ್ಚುತ್ತದೆ.

ಪೌರತ್ವವನ್ನೇ ತ್ಯಜಿಸಿಬಿಡುವುದು ಕೊನೆಯ ದಾರಿ. ಬೆಂಗಳೂರಿನಲ್ಲಿ ಬೆಳೆದ ನಮ್ಮ ತರುಣಿಗೆ ಇದು ತೋರುವಷ್ಟು ಸರಳವಲ್ಲ. ಭಾರತದ ಶಾಸನ ದ್ವಿಪೌರತ್ವವನ್ನು ಒಪ್ಪುವುದಿಲ್ಲ. ಆಕೆಯಲ್ಲಿರುವ ಸಾಗರೋತ್ತರ ಭಾರತೀಯ ಕಾರ್ಡು ಪೌರತ್ವವಲ್ಲ. ಅಮೆರಿಕದ ಪೌರತ್ವವನ್ನು ಬಿಟ್ಟ ಕ್ಷಣ ಬೇರೆ ಪೌರತ್ವ ಸಿದ್ಧವಿಲ್ಲದಿದ್ದರೆ ಆಕೆ ಯಾವ ದೇಶದವಳೂ ಅಲ್ಲ. ಕಾರ್ಡನ್ನು ಪಡೆದು ಐದು ವರ್ಷಗಳಾಗಿ, ಅರ್ಜಿಗೆ ಮುಂಚೆ ಹನ್ನೆರಡು ತಿಂಗಳು ಇಲ್ಲಿಯೇ ವಾಸಿಸಿದ್ದವರು ನೋಂದಣಿಯ ಮೂಲಕ ಭಾರತೀಯ ಪ್ರಜೆಗಳಾಗಲು 1955ರ ಪೌರತ್ವ ಅಧಿನಿಯಮದಲ್ಲಿ ಅವಕಾಶವಿದೆ. ಎರಡು ಅರ್ಜಿಗಳ ಹೆಜ್ಜೆಗಳನ್ನು ಹೊಂದಿಸಿಕೊಂಡು ನಡೆಯಬೇಕು. ಅಮೆರಿಕದ ಕಡೆಯಲ್ಲಿ, 2008ರ ಶಾಸನದ ಪ್ರಕಾರ, 20 ಲಕ್ಷ ಡಾಲರುಗಳಷ್ಟು ಆಸ್ತಿಯುಳ್ಳವರು ಪೌರತ್ವವನ್ನು ಬಿಡುವಾಗ ತಮ್ಮ ಸ್ವತ್ತನ್ನೆಲ್ಲ ಹಿಂದಿನ ದಿನ ಮಾರಿದಂತೆ ಲೆಕ್ಕ ಹಾಕಿ, ನಿಯತ ಮಿತಿಯನ್ನು ಮೀರಿದ ಲಾಭಕ್ಕೆ ತೆರಿಗೆ ಕಟ್ಟಬೇಕು. ಆಸ್ತಿ ಏನೂ ಇಲ್ಲದವರೂ ಹಿಂದಿನ ಐದು ವರ್ಷಗಳ ತೆರಿಗೆಯ ಹೊಣೆಗಳನ್ನೆಲ್ಲ ತೀರಿಸಿರುವುದಾಗಿ ಪ್ರಮಾಣಪತ್ರ ಕೊಡದಿದ್ದರೆ ಇದೇ ವರ್ಗಕ್ಕೆ ಸೇರುತ್ತಾರೆ. ಆದ್ದರಿಂದ ಹೊರಗೆ ಹೋಗಬಯಸುವವರೂ ಮೊದಲು ಆ ಐದು ವರ್ಷಗಳ ರಿಟರ್ನುಗಳನ್ನು ಬರೆದು ಮುಗಿಸಬೇಕಾಗುತ್ತದೆ.